ಕಂದು ಹಾಕಿದ ಹಸು, ಬಿಡದ ಜ್ವರ

ಏರಿಳಿಯುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳಲ್ಲಿ ನೋವು ಎಂದು ಬಂದ ರೈತರೊಬ್ಬರಿಗೆ ನಾವು ಆಮವಾತವೆಂದೇ ಬಗೆದು 2 ತಿಂಗಳು ಕಷಾಯ ಕೊಟ್ಟೆವು. ಗುಣ ಕಾಣಲಿಲ್ಲ. ಅವರ ಹಸು 7ನೆಯ ತಿಂಗಳಲ್ಲಿ ಕಂದು ಹಾಕಿತ್ತು, ಮಾಸನ್ನು ಅವರೇ ಬರಿಗೈಯಿಂದ ತೆಗೆದಿದ್ದರು ಎಂಬುದು ಆಮೇಲೆ ತಿಳಿಯಿತು. ರಕ್ತಪರೀಕ್ಷೆ ಬ್ರುಸೆಲ್ಲೋಸಿಸ್ ಎಂದಿತು. ಮೊದಲ ದಿನವೇ ಕೇಳಬೇಕಾದುದನ್ನು ನಾವು ಕೇಳಿರಲಿಲ್ಲ.

ಈ ರೋಗಾಣುವನ್ನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಪ್ರತ್ಯೇಕಿಸಿದರು. ಅದು ಹಸುವಿಗೂ ಮನುಷ್ಯರಿಗೂ ಮಾಡುವ ಕೇಡಿನ ಬಗೆಯನ್ನು ಅಣುಮಟ್ಟದ ಸಂಶೋಧನೆ ತಿಳಿಸಿದೆ. ಗಬ್ಬದ ಹಸುವಿನ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ದ್ರವ್ಯ ಹೇರಳ. ರೋಗಾಣುವಿಗೆ ಅದು ಗ್ಲೂಕೋಸಿಗಿಂತ ಪ್ರಿಯವಾದ ಆಹಾರ. ಅಲ್ಲಿಯೇ ಅಪಾರವಾಗಿ ಬೆಳೆದು ಮಾಸನ್ನು ಕೆಡಿಸುತ್ತದೆ, ಕರು ಉಳಿಯುವುದಿಲ್ಲ. ಮನುಷ್ಯರಲ್ಲಿಯೋ, ರೋಗಾಣುಗಳನ್ನು ನುಂಗಿ ಕರಗಿಸಬೇಕಾದ ರಕ್ಷಕ ಜೀವಕೋಶದೊಳಗೇ ಹೊಕ್ಕು, ಕರಗಿಸುವ ರಸದ ಚೀಲ ತನ್ನನ್ನು ಮುಟ್ಟದಂತೆ ತಡೆದು ನೆಲೆಸುತ್ತದೆ. ಆದುದರಿಂದಲೇ ವೈದ್ಯರು 2 ಬಗೆಯ ಪ್ರತಿಜೈವಿಕ ಔಷಧಗಳನ್ನು ಕೂಡಿಸಿ ಕನಿಷ್ಠ 6 ವಾರ ಕೊಡುತ್ತಾರೆ. ನಡುವೆ ಬಿಟ್ಟರೆ ಜ್ವರ ಮರಳಬಹುದು. ಇಲ್ಲಿ ಕಷಾಯವನ್ನೇ ನಂಬಿ ಕೂರಬಾರದೆಂದು ಆಯುರ್ವೇದದವರಾದ ನಾವೇ ಹೇಳಬೇಕು.

ಧಾರೋಷ್ಣ ಹಾಲು ಅಮೃತಸಮಾನವೆಂದು ನಾವೂ ಓದಿದವರೇ. ಆದರೂ ಕುದಿಸಿಯೇ ಕುಡಿಯಿರಿ. ಕಂದನ್ನೂ ಮಾಸನ್ನೂ ಕೈಗವಸಿಲ್ಲದೆ ಮುಟ್ಟದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಮ್ಮೆ ಹಾಕುವ ಲಸಿಕೆಯುಂಟು, ಪಶುವೈದ್ಯರಲ್ಲಿ ವಿಚಾರಿಸಿರಿ. ಜ್ವರವೆಂದು ನಮ್ಮಂಥವರ ಬಳಿ ಬಂದಾಗ, ನಾವು ಕೇಳದಿದ್ದರೂ ಕೊಟ್ಟಿಗೆಯ ಸಂಗತಿಯನ್ನು ಹೇಳಿರಿ.