ತೆನೆಗಾವಲಿನ ಕವಣೆ: ಪ್ರಯೋಗಿಸುವ ಕ್ರಮವೂ ವಹಿಸಬೇಕಾದ ಎಚ್ಚರಿಕೆಯೂ

ಜೋಳ, ಸಜ್ಜೆ, ನವಣೆ ಮೊದಲಾದ ಪೈರುಗಳಿಗೆ ಹಕ್ಕಿಗಳ ಕಾಟವು ಹೆಚ್ಚುವುದು ತೆನೆಯಲ್ಲಿ ಹಾಲು ತುಂಬಿದಂದಿನಿಂದ ಕಾಳು ಬಲಿಯುವವರೆಗೆ. ಜೋಳದಲ್ಲಿ ಈ ಅವಧಿಯು ಸುಮಾರು ಒಂದು ತಿಂಗಳು. ಗುಬ್ಬಿ, ಗೀಜಗ, ಗಿಳಿ, ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬಂದಿಳಿಯುವ ಗುಲಾಬಿ ಕಬ್ಬಕ್ಕಿ, ಇವು ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ವಿಶೇಷವಾಗಿ ಮೇಯುತ್ತವೆ. ಆ ಸಮಯದಲ್ಲಿ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವುದು ಬಯಲುಸೀಮೆಯ ಹಳೆಯ ಪದ್ಧತಿ. ಇದಕ್ಕೆ ಖರ್ಚು ಕಡಿಮೆ. ಆದರೆ ಕ್ರಮವರಿಯದೆ ಬೀಸಿದರೆ ಉಳಿಸಿದ ಕಾಳಿಗಿಂತ ಆದ ಕೇಡೇ ದೊಡ್ಡದಾಗುವುದು.

ಕಲ್ಲು ಎಷ್ಟು ದೂರ ಹೋಗುವುದು?

ಇದನ್ನು ಮೊದಲು ತಿಳಿಯತಕ್ಕದ್ದು. ಕೈಯ ಚಲನೆಯೂ ಸೇರಿ ಕಲ್ಲು ಮೂರು ಅಡಿ ತ್ರಿಜ್ಯದ ವೃತ್ತದಲ್ಲಿ ಸೆಕೆಂಡಿಗೆ ನಾಲ್ಕು ಸುತ್ತು ತಿರುಗಿದರೆ ಅದರ ವೇಗವು ಸೆಕೆಂಡಿಗೆ ಸುಮಾರು 75 ಅಡಿಯಾಗುವುದು. ಅಂಥ ಕಲ್ಲು ಓರೆಯಾಗಿ ಮೇಲಕ್ಕೆ ಹಾರಿದರೆ ಸಮನೆಲದಲ್ಲಿ 58 ಗಜದವರೆಗೆ ಹೋಗಬಲ್ಲುದು. ಅಟ್ಟಣೆಯ ಎತ್ತರದಿಂದ ಇನ್ನೂ ಕೊಂಚ ಹೆಚ್ಚು. ಚೌಕವಾದ ಒಂದು ಎಕರೆ ಹೊಲದ ಪಕ್ಕವು ಸುಮಾರು 70 ಗಜ. ನಡುವಿನ ಅಟ್ಟಣೆಯಿಂದ ಬದುವಿಗೆ 35 ಗಜ ಮಾತ್ರ. ಆದುದರಿಂದ ಬಲವಾಗಿ ಬೀಸಿದ ಕಲ್ಲು ಬದುವನ್ನು ದಾಟಿ, ಇಪ್ಪತ್ತು ಗಜಕ್ಕೂ ಮೀರಿ ನೆರೆಯವನ ಹೊಲದೊಳಕ್ಕೆ ಬೀಳುವುದು. ಅಲ್ಲಿ ಆಳೆತ್ತರದ ಪೈರಿನೊಳಗೆ ಕಳೆ ಕೀಳುವವರಾಗಲಿ ಮೇವು ಕೊಯ್ಯುವವರಾಗಲಿ ಇದ್ದರೆ ಬೀಸುವವನ ಕಣ್ಣಿಗೆ ಕಾಣರು.

ವೇಗವನ್ನು ಅರ್ಧಕ್ಕೆ ಇಳಿಸಿದರೆ ದೂರವು ಕಾಲುಭಾಗಕ್ಕೆ ಇಳಿಯುವುದು. ಹೊಲವು ಎಷ್ಟು ಚಿಕ್ಕದೋ ಬೀಸು ಅಷ್ಟು ಮೆಲ್ಲಗಿರಬೇಕು.

ಕವಣೆಯೂ ಉಂಡೆಯೂ

ಸೆಣಬು ಅಥವಾ ಪುಂಡಿಯ ನಾರಿನಿಂದ ಹೊಸೆದ ಹಗ್ಗವೇ ಉತ್ತಮ. ಮಡಿಚಿ ಹಿಡಿದಾಗ ಎರಡು ಅಡಿ ಉದ್ದವಿದ್ದರೆ ಸಾಕು. ನಡುವೆ ಕಲ್ಲು ಕೂರುವ ಹೆಣಿಗೆಯು ಜಾರದಂತೆ ತುಸು ಆಳವಾಗಿರಲಿ. ಒಂದು ತುದಿಯ ಕುಣಿಕೆಯನ್ನು ನಡುಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಗಂಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯಬೇಕು. ನಾರು ಸವೆದ ಕವಣೆಯು ಬೀಸುವಾಗಲೇ ಹರಿದು ಕಲ್ಲನ್ನು ಎತ್ತಲೋ ಚಿಮ್ಮಿಸುವುದರಿಂದ ದಿನವೂ ಮೊದಲು ಹಗ್ಗವನ್ನು ಜಗ್ಗಿ ನೋಡತಕ್ಕದ್ದು.

ಕಲ್ಲಿಗೆ ಬದಲಾಗಿ ಜೇಡಿಮಣ್ಣಿನ ಉಂಡೆಗಳನ್ನು ನೆಲ್ಲಿಕಾಯಿಯ ಗಾತ್ರಕ್ಕೆ ಕಟ್ಟಿ, ಸುಡದೆ, ನೆರಳಿನಲ್ಲಿ ಒಣಗಿಸಿ ಬಳಸುವುದು ಲೇಸು. ಉಂಡೆಗಳೆಲ್ಲ ಒಂದೇ ತೂಕವಾದುದರಿಂದ ಗುರಿಯು ಕೈಗೆ ಹತ್ತುವುದು. ನೆಲಕ್ಕೆ ಬಿದ್ದು ಒಡೆದು ಮಣ್ಣಿನಲ್ಲಿ ಬೆರೆಯುವುದರಿಂದ ಕುಡುಗೋಲು ಕುಂಟೆಗಳಿಗೆ ತಾಕುವುದಿಲ್ಲ. ಆದರೂ ಮನುಷ್ಯರಿಗಾಗಲಿ ದನಕ್ಕಾಗಲಿ ತಗುಲಿದರೆ ಇದೂ ಅಪಾಯವೇ.

ಬೀಸುವ ಕ್ರಮ

ಗಾಡಿಯ ಗಾಲಿಯಿಂದ ಸಿಡಿಯುವ ಕೆಸರಿನಂತೆ, ಬಿಟ್ಟ ಕ್ಷಣದಲ್ಲಿ ಕಲ್ಲು ಯಾವ ಕಡೆಗೆ ಚಲಿಸುತ್ತಿರುವುದೋ ಆ ಕಡೆಗೇ ನೇರವಾಗಿ ಸಿಡಿಯುವುದು. ಸೆಕೆಂಡಿಗೆ ನಾಲ್ಕು ಸುತ್ತು ತಿರುಗುವ ಕವಣೆಯಲ್ಲಿ ಸೆಕೆಂಡಿನ ನಲವತ್ತನೆಯ ಒಂದು ಭಾಗದಷ್ಟು ತಡವಾದರೂ ದಿಕ್ಕು ವೃತ್ತದ ಹತ್ತನೆಯ ಒಂದು ಭಾಗ ತಪ್ಪುವುದು. ತಲೆಯ ಮೇಲೆ ಬೀಸುವ ಕಲ್ಲಿನಂತೆ ಅಡ್ಡಲಾಗಿ ತಿರುಗಿಸಿದರೆ ಈ ತಪ್ಪು ಎಡಬಲಗಳಿಗೆ ಬೀಳುವುದು. ಮುಂದಿನ ಗುರಿಗೆ ಹೊರಟ ಕಲ್ಲು ಪಕ್ಕದ ದಾರಿಗೆ ಹೋಗುವುದು ಹೀಗೆಯೇ.

ಆದುದರಿಂದ ದೇಹದ ಪಕ್ಕದಲ್ಲಿ, ಗಾಡಿಯ ಗಾಲಿಯಂತೆ ನೆಟ್ಟಗೆ ತಿರುಗಿಸತಕ್ಕದ್ದು. ಕಲ್ಲು ಸುತ್ತಿನ ತಳವನ್ನು ದಾಟಿ ಮುಂದಕ್ಕೆ ಏಳತೊಡಗಿದೊಡನೆ ಗಂಟನ್ನು ಬಿಡಬೇಕು. ಹೊತ್ತು ತಪ್ಪಿದರೂ ಕಲ್ಲು ಗುರಿಯ ಗೆರೆಯಲ್ಲಿಯೇ ಹತ್ತಿರವೋ ದೂರವೋ ಬೀಳುವುದು. ತೀರ ತಡವಾದರೆ ತಲೆಯ ಮೇಲಿಂದ ಹಿಂದಕ್ಕೆ ಹಾರುವುದು. ಆದಕಾರಣ ಮುಂದೆಯೂ ಹಿಂದೆಯೂ ಯಾರೂ ನಿಲ್ಲಕೂಡದು. ಒಂದೆರಡು ಸುತ್ತು ಸಾಕು; ಹೆಚ್ಚು ಸುತ್ತಿದಷ್ಟೂ ಹೊತ್ತು ತಪ್ಪುವುದೇ ಹೆಚ್ಚು.

ಕಲಿಯುವವರು ಕೊಯ್ಲಾದ ಬಯಲಿನಲ್ಲಿ ಇಪ್ಪತ್ತು ಗಜ ದೂರದಲ್ಲಿ ಸೊಪ್ಪೆಯ ಸಿವುಡೊಂದನ್ನು ನಿಲ್ಲಿಸಿ ಮಣ್ಣುಂಡೆಯಿಂದ ಅಭ್ಯಾಸ ಮಾಡಲಿ. ಬಲಗೈಯವನು ಬೀಸುವಾಗ ನೋಡುವವರು ಅವನ ಎಡಪಕ್ಕದಲ್ಲಿ ದೂರ ನಿಲ್ಲಲಿ.

ಹಕ್ಕಿಯನ್ನು ಎಬ್ಬಿಸುವುದೇ ಗುರಿ

ಹಿಂಡು ಇಳಿದ ಜಾಗದ ಆಚೆ ಉಂಡೆ ಬಿದ್ದು ತೆನೆ ಅಲುಗಿದರೆ ಹಕ್ಕಿಗಳು ಏಳುವುವು, ಕೊಲ್ಲುವ ಅಗತ್ಯವಿಲ್ಲ. ಗುಬ್ಬಿ ಗೀಜಗಗಳು ಮರಿಗಳಿಗೆ ಹುಳುಗಳನ್ನು ಉಣಿಸುತ್ತವೆ. ಗುಲಾಬಿ ಕಬ್ಬಕ್ಕಿಯು ಮಿಡತೆಗಳ ದೊಡ್ಡ ಶತ್ರು. 1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲನ್ನೂ ಗಿಳಿಯನ್ನೂ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವಾಗಿದೆ. ಒಂದೇ ಸದ್ದಿಗೆ ಹಕ್ಕಿಗಳು ಬೇಗ ಒಗ್ಗಿಕೊಳ್ಳುವುದರಿಂದ ಕವಣೆಯೊಡನೆ ಕೂಗು, ತಮಟೆ, ಬರಿಯ ಹಗ್ಗದ ಛಟಕಾರ, ಇವುಗಳನ್ನು ಸರದಿಯ ಮೇಲೆ ಬಳಸಬೇಕು.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶಗಳು

ತೆನೆ ಹಾಲುಗಟ್ಟುವ ಮೊದಲೇ ಅಕ್ಕಪಕ್ಕದ ಹೊಲದವರನ್ನು ಕೂಡಿಸಿ ಈ ಕಟ್ಟುಗಳನ್ನು ಗೊತ್ತುಮಾಡುವುದು ಒಳ್ಳೆಯದು:

1. ದಾರಿ, ಬಾವಿ, ಕಣ, ದನದ ಹಟ್ಟಿ, ವಿದ್ಯುತ್ ತಂತಿ, ಇವುಗಳ ಕಡೆಗೆ ಯಾರೂ ಕವಣೆ ಬೀಸಕೂಡದು.
2. ಹೊಲದೊಳಗೆ ಇಳಿಯುವವರು ಮೊದಲು ಕೂಗಿ ಹೇಳಬೇಕು. ಅವರು ಹೊರಬರುವ ತನಕ ಕವಣೆ ನಿಲ್ಲಬೇಕು.
3. ಅಟ್ಟಣೆಯ ಮೇಲೆ ಬೀಸುವವನು ಒಬ್ಬನೇ ಇರಬೇಕು. ಕವಣೆಗೆ ತಾಕುವಂತೆ ಗೂಟವಾಗಲಿ ಚಪ್ಪರದ ಕಾಲಾಗಲಿ ಇರಕೂಡದು.
4. ಮಕ್ಕಳ ಕೈಗೆ ಕವಣೆ ಕೊಡದೆ ತಮಟೆ ಕೊಡಬೇಕು.

ಹಕ್ಕಿಗೆ ಹೋದ ತೆನೆಯನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು. ಹೋದ ಕಣ್ಣು ಮರಳಿ ಬಾರದು.