ಕಿಡಿ ಹುಟ್ಟಿಸದ ನೆಲ

ಗಾರೆಯ ನೆಲದ ಮೇಲೆ ಬರಿಗಾಲಿನಲ್ಲಿ ನಡೆದಾಡುವವನಿಗೆ ಬಾಗಿಲಿನ ಹಿಡಿಯನ್ನು ಮುಟ್ಟಿದಾಗ ‘ಚುರ್’ ಎನ್ನುವ ಅನುಭವವಾಗುವುದು ಅಪರೂಪ. ಅದೇ ಮನುಷ್ಯನು ರಬ್ಬರಿನ ಅಟ್ಟೆಯ ಪಾದರಕ್ಷೆಯನ್ನು ಮೆಟ್ಟಿ, ಒಣಹವೆಯ ದಿನ, ಕೃತಕ ನೂಲಿನ ಜಮಖಾನೆಯ ಮೇಲೆ ಹತ್ತು ಹೆಜ್ಜೆ ನಡೆದು ಹಿಡಿಯನ್ನು ಮುಟ್ಟಿದನೆಂದರೆ ಬೆರಳ ತುದಿಯಿಂದ ಕಿಡಿ ಹಾರೀತು. ಎರಡು ಭಿನ್ನ ವಸ್ತುಗಳು ತಾಗಿ ಅಗಲಿದಾಗ ಒಂದರ ಕೆಲವು ಎಲೆಕ್ಟ್ರಾನುಗಳು ಮತ್ತೊಂದರಲ್ಲಿ ಉಳಿದುಬಿಡುತ್ತವೆ. ಪ್ರತಿಯೊಂದು ಹೆಜ್ಜೆಯೂ ಇಂತಹ ಒಂದು ತಾಗುವಿಕೆ ಮತ್ತು ಅಗಲಿಕೆ. ಹೀಗೆ ಕೂಡಿದ ಆವೇಶದಿಂದ ನಮ್ಮ ದೇಹದ ವಿಭವವು ಹತ್ತು ಸಾವಿರ ವೋಲ್ಟನ್ನೂ ಮೀರಬಹುದು.

ಇದರಿಂದ ಹಾನಿಯೇನು? ದೇಹದ ಧಾರಕತೆಯನ್ನು 150 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ, 10,000 ವೋಲ್ಟಿನಲ್ಲಿ ಅದರಲ್ಲಿ ಅಡಗಿರುವ ಶಕ್ತಿ 7.5 ಮಿಲಿಜೂಲ್. ಗಾಳಿಯೊಡನೆ ಬೆರೆತ ಈಥರ್ ಆವಿಗೆ ಬೆಂಕಿ ಹತ್ತಲು ಸುಮಾರು 0.2 ಮಿಲಿಜೂಲ್ ಸಾಕು! ಈಥರಿನಿಂದ ರೋಗಿಯ ಪ್ರಜ್ಞೆ ತಪ್ಪಿಸುತ್ತಿದ್ದ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಗಳಿಗೆ ಇಂಗಾಲದ ಪುಡಿ ಬೆರೆಸಿದ ವಾಹಕ ನೆಲವನ್ನು ಹಾಕುತ್ತಿದ್ದುದು ಇದಕ್ಕಾಗಿಯೇ. ಇಂದು ಈ ಚಿಂತೆ ಬಹುಮಟ್ಟಿಗೆ ಎಲೆಕ್ಟ್ರಾನಿಕ್ ಉಪಕರಣಗಳ ಕಾರ್ಖಾನೆಗಳದು. ಸುಮಾರು 3,000 ವೋಲ್ಟಿಗೆ ಕಡಿಮೆಯಾದ ಕಿಡಿ ನಮ್ಮ ಅರಿವಿಗೇ ಬಾರದು. ಆದರೆ ಕೆಲವು ಸೂಕ್ಷ್ಮ ಭಾಗಗಳು 100 ವೋಲ್ಟಿಗೇ ಕೆಡುತ್ತವೆ. ಕೆಡಿಸಿದವನಿಗೆ ತಾನು ಕೆಡಿಸಿದೆನೆಂಬುದೇ ತಿಳಿಯದು. ಅರೆ ಕೆಟ್ಟ ಭಾಗವು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೊಂಡವರ ಕೈಯಲ್ಲಿ ಕೈಕೊಡುವುದೂ ಉಂಟು.

ಹಾಗಾದರೆ ನೆಲಕ್ಕೆ ತಾಮ್ರದ ತಗಡನ್ನೇ ಹಾಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಿಯಾರು. ಹಾಗೆ ಹಾಸಿದ ಮೇಲೆ ಕೆಲಸಗಾರನ ಕೈ 230 ವೋಲ್ಟಿನ ತಂತಿಗೆ ತಗುಲಿತೆನ್ನೋಣ. ಮಾರ್ಗದ ಒಟ್ಟು ರೋಧ 1,000 ಓಮ್ ಇದ್ದರೆ 230 ಮಿಲಿಆಂಪಿಯರ್ ಪ್ರವಾಹ ಹರಿದು ಪ್ರಾಣವೇ ಹೋಗಬಹುದು. 10 ಲಕ್ಷ ಓಮ್ ಇದ್ದರೆ ಹರಿಯುವುದು 0.23 ಮಿಲಿಆಂಪಿಯರ್ ಮಾತ್ರ. ಆದ್ದರಿಂದ ರೋಧಕ್ಕೆ ಕೆಳಗಿನ ಮಿತಿಯೊಂದು ಬೇಕು. ಅಮೆರಿಕದ ಆಸ್ಪತ್ರೆಗಳ ನಿಯಮವು ಅದನ್ನು 25,000 ಓಮ್ ಎಂದು ಗೊತ್ತುಪಡಿಸಿತ್ತು.

ಮೇಲಿನ ಮಿತಿಯನ್ನು ನಾವೇ ಲೆಕ್ಕಹಾಕಬಹುದು. ಆವೇಶವು ಸೋರಿಹೋಗುವ ಕಾಲವನ್ನು ರೋಧ ಮತ್ತು ಧಾರಕತೆಗಳ ಗುಣಲಬ್ಧ ಸೂಚಿಸುತ್ತದೆ. ರೋಧ ನೂರು ಕೋಟಿ ಓಮ್ ಆದರೆ ಈ ಕಾಲ 0.15 ಸೆಕೆಂಡು, ಮುಂದಿನ ಹೆಜ್ಜೆ ಇಡುವುದರೊಳಗೆ ಆವೇಶದ ಬಹುಭಾಗ ಭೂಮಿಯನ್ನು ಸೇರಿರುತ್ತದೆ. ಅದರ ಸಾವಿರ ಪಟ್ಟು ರೋಧವುಳ್ಳ ಸಾಮಾನ್ಯ ಪ್ಲಾಸ್ಟಿಕ್ ಹಾಸಿನಲ್ಲಾದರೋ 150 ಸೆಕೆಂಡು. ಅಷ್ಟರಲ್ಲಿ ನಡೆಯುವವನು ಇನ್ನೂ ನೂರಾರು ಹೆಜ್ಜೆಗಳ ಆವೇಶವನ್ನು ಹೊತ್ತಿರುತ್ತಾನೆ.

ಕೊಳ್ಳುವಾಗ ‘ಸ್ಥಿರವಿದ್ಯುತ್ ನಿರೋಧಕ’ ಎಂಬ ಚೀಟಿಯನ್ನು ನಂಬುವುದು ಸಲ್ಲದು. ಓಮಿನ ಅಂಕಿಯನ್ನೇ ಕೇಳಬೇಕು. ಇಂಗಾಲ ಬೆರೆತ ವಿನೈಲ್ ಬಿಲ್ಲೆ, ರಬ್ಬರು, ಎಪಾಕ್ಸಿ ಲೇಪ ಇವೆಲ್ಲ ಒಗ್ಗುತ್ತವೆ. ಬಿಲ್ಲೆಗಳ ಅಡಿಯ ಅಂಟೂ ವಾಹಕವಾಗಿದ್ದು, ತಾಮ್ರದ ಪಟ್ಟಿಯ ಮೂಲಕ ಭೂಸಂಪರ್ಕ ಪಡೆದಿರಬೇಕು. ಒಂದೆರಡು ಮೇಜುಗಳಷ್ಟೇ ಇರುವಲ್ಲಿ ಇಡೀ ಕೊಠಡಿಯ ನೆಲವನ್ನು ಬದಲಿಸುವುದು ದುಂದೆಂದೇ ನಮ್ಮ ಅಭಿಪ್ರಾಯ. ಭೂಸಂಪರ್ಕವುಳ್ಳ ಚಾಪೆ ಮತ್ತು ಮಣಿಕಟ್ಟಿನ ಪಟ್ಟಿ ಸಾಕು. ಎಂತಹ ನೆಲವಾದರೂ ಅದರ ಮೇಲೆ ಅವಾಹಕ ಅಟ್ಟೆಯ ಚಪ್ಪಲಿ ಮೆಟ್ಟಿ ನಡೆದರೆ ಹಾಕಿದ ಹಣ ವ್ಯರ್ಥ. ಹೊಳಪಿಗೆಂದು ಮೇಣ ಬಳಿದರೂ ಅದೇ ಪಾಡು.

ನೆಲವನ್ನು ಪರೀಕ್ಷಿಸಲು ಸುಮಾರು 2.27 ಕಿಲೋಗ್ರಾಂ ತೂಕದ ಎರಡು ವಿದ್ಯುದಗ್ರಗಳನ್ನು ಮೂರಡಿ ಅಂತರದಲ್ಲಿಟ್ಟು ನಡುವಣ ರೋಧವನ್ನು ಅಳೆಯುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಈ ಅಳತೆಯನ್ನು ಮಾರ್ಚಿ ತಿಂಗಳ ಮಧ್ಯಾಹ್ನ ಮಾಡುವುದು ಒಳಿತು. ನಮ್ಮ ಪ್ರಯೋಗಶಾಲೆಗಳ ಚಿನ್ನದ ರೇಕಿನ ವಿದ್ಯುದ್ದರ್ಶಕಗಳು ಮಳೆಗಾಲದಲ್ಲಿ ಆವೇಶವನ್ನು ಹಿಡಿದಿಡಲಾರವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆಷಾಢದ ತೇವದಲ್ಲಿ ಅಳೆದರೆ ಕೆಟ್ಟ ನೆಲವೂ ಒಳ್ಳೆಯದಾಗಿಯೇ ತೋರುತ್ತದೆ.