ಉಚ್ಚಿಲದ ಮರಳಲ್ಲಿ ಒಂದು ಲೋಳೆ ಮುದ್ದೆ

ಉಚ್ಚಿಲದ ಕಡಲ ಬದಿ. ಕೈರಂಪಣಿ ಬಲೆ ದಡಕ್ಕೆ ಬಂದಿದೆ. ಬಂಗುಡೆ, ಬೂತಾಯಿ ನಡುವೆ ಗಾಜಿನಂತಹ ಒಂದು ಮುದ್ದೆ. ಮುಟ್ಟಬೇಡಿ! ಇದು ಜೆಲ್ಲಿ ಮೀನು.

ಹೆಸರಲ್ಲಿ ಮೀನು ಇದ್ದರೂ ಇದಕ್ಕೆ ಮೂಳೆಯಿಲ್ಲ, ರಕ್ತವಿಲ್ಲ, ಹೃದಯವಿಲ್ಲ, ಮೆದುಳೂ ಇಲ್ಲ. ದೇಹದ ನೂರರಲ್ಲಿ 95 ಪಾಲು ನೀರೇ.

ಶಾಲೆಯಲ್ಲಿ ಓದಿದ ನಾಲ್ಕು ಅಂಗಾಂಶ ನೆನಪಿದೆಯಾ? ಅನುಲೇಪಕ, ಸಂಯೋಜಕ, ಸ್ನಾಯು, ನರ. ನಮ್ಮಲ್ಲಿ ಅವು ಬೇರೆಬೇರೆ. ಇದರಲ್ಲಿ ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಲೋಳೆ, ಅಷ್ಟೇ. ಚರ್ಮದ ಜೀವಕೋಶದ ಬುಡವೇ ಸ್ನಾಯುವಾಗಿ ಕುಗ್ಗುತ್ತದೆ. ಕೊಡೆ ಮಡಚಿ ಬಿಚ್ಚಿದಂತೆ ಈಜುವುದು ಹಾಗೆ. ನರಗಳು ಬಲೆಯಂತೆ ಹರಡಿವೆ. ತಿನ್ನುವ ಬಾಯಿ, ಕಸ ಹೊರಹಾಕುವ ದಾರಿ, ಎರಡೂ ಒಂದೇ. ಇಷ್ಟು ಕಡಿಮೆ ಸಾಮಾನಿನಲ್ಲಿ 50 ಕೋಟಿ ವರ್ಷ ಬದುಕಿದ ವಂಶ ಇದು, ನನಗಂತೂ ಬೆರಗು!

ಹವಳ, ಕಡಲ ಹೂ, ಕೆರೆಯ ಹೈಡ್ರಾ, ಎಲ್ಲ ಇದರ ನೆಂಟರು. ಎಲ್ಲರಿಗೂ ಇರುವ ಗುರುತು ಕುಟುಕು ಕಣ. ಅದರೊಳಗೆ ಸುರುಳಿ ಸುತ್ತಿದ ಸೂಕ್ಷ್ಮ ದಾರ. ಹೈಡ್ರಾದಲ್ಲಿ ಅಳೆದಾಗ, ಆ ದಾರದ ಸೂಕ್ಷ್ಮ ಮುಳ್ಳು ಚಿಮ್ಮಲು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲೂ ಬೇಕಾಗಲಿಲ್ಲ.

ಸತ್ತ ಜೆಲ್ಲಿ ಮೀನೂ ಕುಟುಕುತ್ತದೆ, ಮಕ್ಕಳಿಗೆ ಹೇಳಿಡಿ. ತಾಗಿತಾ? ಉಜ್ಜಬೇಡಿ, ಬಾಟಲಿಯ ಸಿಹಿನೀರು ಸುರಿಯಬೇಡಿ. ಕಡಲ ನೀರಲ್ಲೇ ತೊಳೆಯಿರಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಡಮಾಡದೆ ಆಸ್ಪತ್ರೆಗೆ ಹೊರಡಿ.